ಬಿಲ್ಲೆ ಉಳಿಸಿದವರು

"ಬಾಳೆಹಣ್ಣಿಗಿಂತ ಕಡಿಮೆ ಕಣಮ್ಮ ನಿನ್ನ ಗಂಡ," ಅಂದ ಅಣುಶಕ್ತಿ ಪ್ಲಾಂಟಿನ ಆಸ್ಪತ್ರೆಯ ಡಾಕ್ಟರ. "ಒಂದು ಬಾಳೆಹಣ್ಣಲ್ಲಿ ಇರೋಷ್ಟು ರೇಡಿಯೇಷನ್ನೂ ಇವನ ಬಿಲ್ಲೇಲಿ ಇಲ್ಲ. ಹನ್ನೊಂದು ವರ್ಷದ್ದೂ ಸೇರಿಸಿದ್ರೆ ಸೊನ್ನೆ. ಸೊನ್ನೆ ಅಂದ್ರೆ ಗೊತ್ತಾಗುತ್ತಾ ನಿಂಗೆ?"

ಸೋಪಕ್ಕ ತಲೆಯಾಡಿಸಿದಳು. ಪ್ಲಾಂಟಿನ ಬಟ್ಟೆ ಒಗೆಯುವ ಅವಳಿಗೆ ಆ ಹೆಸರು ಇಟ್ಟವರು ಪೈಪು ತೊಳೆಯುವ ಗ್ಯಾಂಗಿನವರು; ಅಪ್ಪ ಅವ್ವ ಇಟ್ಟ ಹೆಸರು ಅವಳಿಗೇ ಮರೆತ ಹಾಗಿತ್ತು. ಪಕ್ಕದ ಬೆಂಚಿನ ಮೇಲೆ ಗಂಡ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದ. ಒಸಡಿನ ರಕ್ತ ಮೂರು ವಾರದಿಂದ ನಿಂತಿರಲಿಲ್ಲ. ಯಾರೂ ಹೊಡೆಯದೆಯೇ ತೋಳಿನ ತುಂಬ ನೀಲಿ ಬಾಸುಂಡೆ. ದೊಡ್ಡಾಸ್ಪತ್ರೆಗೆ ಸೇರಿಸಬೇಕಾದರೆ ಪ್ಲಾಂಟಿನ ಚೀಟಿ ಬೇಕು, ಚೀಟಿ ಬೇಕಾದರೆ ಕಾಯಿಲೆ ಪ್ಲಾಂಟಿನದೇ ಅಂತ ಆಗಬೇಕು, ಅದನ್ನು ಹೇಳುವುದು ಎದೆಗೆ ಸಿಕ್ಕಿಸಿಕೊಳ್ಳುವ ಆ ಬೆರಳುದ್ದದ ಬಿಲ್ಲೆ.

"ಕುಡೀತಾನಾ?"

"ಇಲ್ಲ ಸಾರ್."

"ಎಲ್ಲಾ ಮುಂಡೇವೂ ಹಂಗೇ ಹೇಳೋದು. ಕುಡಿದು ರಕ್ತ ಕೆಡಿಸ್ಕೊಳ್ಳೋದು, ಆಮೇಲೆ ಪ್ಲಾಂಟಿನ ತಲೆಗೆ ಕಟ್ಟೋದು."

"ಸಾರ್, ಬಿಲ್ಲೆ ಇವ್ರ ಎದೆ ಮೇಲೆ ಇರ್ತಾನೇ ಇರ್ಲಿಲ್ಲ. ಡಬ್ಬೀಲಿ ಇರ್ತಿತ್ತು."

ಡಾಕ್ಟರ ಪೆನ್ನು ನಿಂತಿತು. "ಡಬ್ಬೀಲಿ ಯಾರು ಇಡ್ತಿದ್ರು?"

"ನಾನೇ," ಅಂದಳು.

"ಭೇಷ್. ಗಂಡನ ಬಿಲ್ಲೆ ನೀನೇ ಬಚ್ಚಿಟ್ಟು, ಈಗ ನೀನೇ ಬಂದು ಚೀಟಿ ಕೇಳ್ತೀಯ. ನಿನ್ನ ಮಾತು ಯಾವನು ನಂಬ್ತಾನೆ? ಇವ್ರನ್ನ ಒಳಗೆ ಇಳ್ಸೋನು ಮೇಸ್ತ್ರಿ. ಅವನು ಬಂದು ಹೇಳ್ಲಿ, ಬರ್ಕೊಡ್ತೀನಿ. ನಡಿ ಈಗ."

ಆ ಮೇಸ್ತ್ರಿ ಬೇರೆ ಯಾರೂ ಅಲ್ಲ, ಸೋಪಕ್ಕನ ಒಡಹುಟ್ಟಿದ ಅಣ್ಣ.

ಬಿಲ್ಲೆಯ ಕಥೆ ಹೀಗೆ. ಒಳಗೆ ಪೈಪು ತೊಳೆಯಲು ಇಳಿಯುವ ಗುತ್ತಿಗೆಯವರು ನಲವತ್ತು ಜನ. ಎಷ್ಟು ವಿಕಿರಣ ಮೈಗೆ ತಗುಲಿತು ಅಂತ ಬಿಲ್ಲೆ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಕ್ಕೆ ಇಷ್ಟೇ ಅಂತ ಒಂದು ಮಿತಿ. ಬಿಲ್ಲೆ ತುಂಬಿತೋ, ಆ ವರ್ಷವೆಲ್ಲ ಗೇಟಿನೊಳಗೆ ಕಾಲಿಡುವ ಹಾಗಿಲ್ಲ. ಪೈಪಿನ ಸಂದಿಯಲ್ಲಿ ಪ್ರಾಮಾಣಿಕವಾಗಿ ಬಿಲ್ಲೆ ಹಾಕಿಕೊಂಡು ನಿಂತರೆ ಮೂರು ವಾರಕ್ಕೆ ತುಂಬುತ್ತದೆ. ಹೊಟ್ಟೆ ಮಾತ್ರ ವರ್ಷವಿಡೀ ಕೇಳುತ್ತದಲ್ಲ! ಅದಕ್ಕೇ ಹುಟ್ಟಿದ್ದು ಈ ಬಿಲ್ಲೆ ಉಳಿಸುವ ಪದ್ಧತಿ. ಗೇಟಿನಲ್ಲಿ ಗಾರ್ಡಿಗೆ ಬಿಲ್ಲೆ ತೋರಿಸಿ ಬರುವುದು, ಒಗೆಯುವ ಕೋಣೆಯಲ್ಲಿ ಹಳದಿ ಬಟ್ಟೆ ತೊಡುವುದು, ಬಿಲ್ಲೆ ಬಿಚ್ಚಿ ಸೋಪಕ್ಕನ ಬಿಸ್ಕತ್ತಿನ ಡಬ್ಬಿಗೆ ಹಾಕಿ ಒಳಗೆ ಇಳಿಯುವುದು. ಸಂಜೆ ಹೋಗುವಾಗ ಮತ್ತೆ ಸಿಕ್ಕಿಸಿಕೊಂಡು ಗಾರ್ಡಿನ ಮುಂದೆ ಎದೆ ಸೆಟೆಸುವುದು. ಡಬ್ಬಿ ಕೊಟ್ಟವನು ಅಣ್ಣನೇ. ಹೊಸಬರು ಬಂದರೆ ಹಳಬರು ಮೊದಲು ಕಲಿಸುತ್ತಿದ್ದ ಪಾಠವೂ ಅದೇ: ಮೈ ಹೆಂಗಾದರೂ ಇರಲಿ, ಬಿಲ್ಲೆಗೆ ಏನೂ ಆಗಬಾರದು.

ಅವಳ ಗಂಡ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಗಟ್ಟಿ. ಸಣಕಲ, ಯಾವ ಸಂದಿಗಾದರೂ ನುಗ್ಗುತ್ತಾನೆ ಅಂತ ಗ್ಯಾಂಗಿನವರು ಅವನನ್ನು ಇಲಿ ಅನ್ನುತ್ತಿದ್ದರು. ಎಲ್ಲರಿಗಿಂತ ಆಳಕ್ಕೆ ಇಳಿಯುತ್ತಿದ್ದವನ ಬಿಲ್ಲೆ ಎಲ್ಲರಿಗಿಂತ ಚೊಕ್ಕ. ಎರಡು ವರ್ಷದ ಹಿಂದೆ 'ಅತ್ಯಂತ ಸುರಕ್ಷಿತ ಕೆಲಸಗಾರ' ಅಂತ ಒಂದು ಗೋಡೆ ಗಡಿಯಾರ ಬಹುಮಾನ ಕೊಟ್ಟರು. ಗ್ಯಾಂಗಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಸೋಪಕ್ಕನೂ ನಕ್ಕಿದ್ದಳು. ಈಗ ನೆನೆಸಿಕೊಂಡರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಆಸ್ಪತ್ರೆಯಿಂದ ನೇರವಾಗಿ ಅಣ್ಣನ ಮನೆಗೆ ಹೋದಳು. ಮಟಮಟ ಮಧ್ಯಾಹ್ನ ಅಲ್ಲಿ ವರಾಂಡದ ದೀಪ ಉರಿಯುತ್ತಿತ್ತು.

"ಒಂದೇ ಒಂದು ಮಾತು ಹೇಳಣ್ಣ, ಸಾಕು. ಬಿಲ್ಲೆ ಬಿಚ್ಚಿಸ್ತಿದ್ದೋನು ನಾನು ಅಂತ."

"ಹೇಳ್ದೆ ಇರ್ತೀನೇನೇ ಹುಚ್ಚಿ? ಅವನು ನನ್ನ ಭಾವಮೈದ ಅಲ್ವಾ?" ಅಣ್ಣ ಅವಳ ತಲೆ ಸವರಿದ. ಅವ್ವ ಸತ್ತ ಮೇಲೆ ಅವಳ ಹೇನು ತೆಗೆದು ಜಡೆ ಹಾಕುತ್ತಿದ್ದ ಕೈ ಅದು. "ನಾಳೆಯಿಂದ ಎರಡು ದಿನ ಸಭೆ ಇದೆ. ಎರಡನೇ ಯೂನಿಟ್ ಕಟ್ಟೋದಕ್ಕೆ ಊರೋರ ಅಭಿಪ್ರಾಯ ಕೇಳ್ತಾರಂತೆ. ಕೆಲಸಗಾರರ ಪರವಾಗಿ ನಾನೇ ಮಾತಾಡೋದು. ನಾಲ್ಕು ಜನರ ಮುಂದೆ ಹೇಳ್ಬಿಟ್ರೆ ಡಾಕ್ಟ್ರು ಯಾವ ಬಾಯಲ್ಲಿ ಇಲ್ಲ ಅಂತಾನೆ? ಅಳಬೇಡ. ನಾನಿದ್ದೀನಲ್ಲ."

ಗಂಡನನ್ನು ಮೊದಲ ಸಲ ಪೈಪಿಗೆ ಇಳಿಸಿದಾಗಲೂ ಅವನು ಅದನ್ನೇ ಹೇಳಿದ್ದ. ಆದರೂ ಅವಳ ಎದೆ ಹಗುರಾಯಿತು. ಅಣ್ಣ ಅಂದರೆ ಅಣ್ಣನೇ.

ಮರುದಿನ ರಜೆ ಹಾಕಿ, ಮಾವನ ಕೈ ಹಿಡಿದುಕೊಂಡು ಸಭೆಗೆ ಹೋದಳು. ಮಾವ ಕಲ್ಲಿದ್ದಲು ಗಣಿಯಲ್ಲಿ ಇಪ್ಪತ್ತಾರು ವರ್ಷ ಅಗೆದವನು. ಹತ್ತು ಹೆಜ್ಜೆ ನಡೆದರೆ ಒಂದು ಸಲ ನಿಂತು ಕೆಮ್ಮಬೇಕು. ವೇದಿಕೆಯ ಮೇಲೆ ಸುರಕ್ಷತಾ ಸಾಹೇಬ ಪರದೆ ಬಿಚ್ಚಿ ಬಣ್ಣಬಣ್ಣದ ಕಂಬಗಳನ್ನು ತೋರಿಸುತ್ತಿದ್ದ. ಇಷ್ಟು ಕರೆಂಟಿಗೆ ಇಷ್ಟು ಸಾವು ಅಂತ ಲೆಕ್ಕ. ಕಲ್ಲಿದ್ದಲಿನ ಕಪ್ಪು ಕಂಬ ಸೂರು ಮುಟ್ಟುವಂತಿತ್ತು. ಅಣೆಕಟ್ಟಿನದು ಅದಕ್ಕಿಂತ ಗಿಡ್ಡ. ಬಿಸಿಲು, ಗಾಳಿಯವು ನೆಲಕ್ಕೆ ಅಂಟಿಕೊಂಡಿದ್ದವು. ಅಣುಶಕ್ತಿಯ ಹಸಿರು ಕಂಬವೂ ಅವುಗಳ ಪಕ್ಕದಲ್ಲೇ ಇತ್ತು, ಹುಡುಕಿದರೂ ಕಾಣದಷ್ಟು.

"ಆ ಉದ್ದದ ಕಂಬದಲ್ಲಿ ನಾನಿದ್ದೀನಿ ನೋಡು," ಅಂದ ಮಾವ. "ಸುಳ್ಳಲ್ಲ ಅದು. ನನ್ನ ಜೊತೆ ಇಳಿದೋರು ಹನ್ನೊಂದು ಜನ, ಈಗ ಉಳಿದಿರೋನು ನಾನೊಬ್ಬ. ಅದಕ್ಕೇ ಅಲ್ವಾ ಮಗನ್ನ ಇಲ್ಲಿಗೆ ಸೇರಿಸಿದ್ದು? ಹೊಗೆ ಇಲ್ಲ ಧೂಳಿಲ್ಲ ಅಂತ." ಹಸಿರು ಕಂಬವನ್ನು ತುಂಬ ಹೊತ್ತು ನೋಡಿದ. "ಅದ್ರಲ್ಲಿ ನಮ್ಮ ಇಲಿ ಇದ್ದಾನಾ?"

ಯಾರೋ ಎದ್ದು, ಅಷ್ಟೊಂದು ಕರೆಂಟು ಯಾಕೆ ಬೇಕು, ಕಡಿಮೆಯಲ್ಲೇ ಬದುಕಬಹುದಲ್ಲ ಅಂದರು. ಸಾಹೇಬ ನಕ್ಕ. "ಸರಿ, ಬದುಕಿ. ಮತ್ತೆ ಬುಡ್ಡಿದೀಪಕ್ಕೆ ಹೋಗೋಕೆ ಎಷ್ಟು ಜನ ತಯಾರಿದ್ದೀರಿ? ಕೈ ಎತ್ತಿ ನೋಡೋಣ."

ಮಾವ ಕೂತಲ್ಲಿಂದಲೇ ಕೇಳಿದ, "ನಮ್ಮ ಬೀದೀಲಿ ದಿನಕ್ಕೆ ನಾಲ್ಕು ಗಂಟೆ ಕರೆಂಟು ಸ್ವಾಮಿ. ನಾವು ಬುಡ್ಡಿದೀಪ ಬಿಟ್ಟಿದ್ದು ಯಾವಾಗ, ಮತ್ತೆ ಹೋಗೋಕೆ?"

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. "ಆ ಮುದುಕನ್ನ ಕೂರಿಸಿ," ಅಂದ ಸಾಹೇಬ. ಮಾವ ಕೂತೇ ಇದ್ದ.

ಆಮೇಲೆ ಅಣ್ಣ ಮೈಕಿನ ಮುಂದೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸೋಪಕ್ಕ ಮಾವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹದಿನಾಲ್ಕು ವರ್ಷದಿಂದ ನನ್ನ ಹುಡುಗರು ಒಳಗೆ ಇಳೀತಿದ್ದಾರೆ," ಅಂದ ಅಣ್ಣ. "ಒಬ್ಬನ ಬಿಲ್ಲೇನೂ ಮಿತಿ ದಾಟಿಲ್ಲ. ಬಿಲ್ಲೆ ಇಲ್ದೆ ಒಬ್ಬನನ್ನೂ ನಾನು ಒಳಗೆ ಬಿಟ್ಟೋನಲ್ಲ. ಕೆಲವ್ರು ಏನೇನೋ ಹಬ್ಬಿಸ್ತಿದ್ದಾರೆ. ನನ್ನ ಸ್ವಂತ ತಂಗಿ ಗಂಡ ಕಾಯಿಲೆ ಬಿದ್ದಿದ್ದಾನೆ, ನನಗೂ ಕರುಳು ಚುರುಕ್ ಅನ್ನುತ್ತೆ. ಆದ್ರೆ ಸುಳ್ಳು ಹೇಳೋಕಾಗಲ್ಲ. ಅವನ ಬಿಲ್ಲೆ ಸೊನ್ನೆ. ಬಹುಮಾನ ತಗೊಂಡೋನು ಅವನು. ಅವನ್ನ ಕೆಡಿಸಿದ್ದು ಪ್ಲಾಂಟ್ ಅಲ್ಲ, ಕುಡಿತ."

ಜನ ಚಪ್ಪಾಳೆ ತಟ್ಟಿದರು. ಅಣ್ಣ ಇಳಿದು ಬರುವಾಗ ಅವಳ ಕಡೆ ಒಂದು ಸಲ ನೋಡಿ ಕಣ್ಣು ತಪ್ಪಿಸಿದ. ಬೈಯಬೇಕು, ಉಗಿಯಬೇಕು ಅಂದುಕೊಂಡಳು. ಮಾವನನ್ನು ಎಬ್ಬಿಸಿಕೊಂಡು ಹೊರಟಳು. ಬಾಗಿಲ ಹತ್ತಿರ ಅಣ್ಣನೇ ಮೆಲ್ಲಗೆ ಹೇಳಿದ: "ಎರಡನೇ ಯೂನಿಟ್ಟಿನ ಗುತ್ತಿಗೆ ನನಗೇ ಅಂತ ಮಾತಾಗಿದೆ ಕಣೇ. ನಿನ್ನ ಮಕ್ಕಳನ್ನ ನಾನು ನೋಡ್ಕೋತೀನಿ."

ಅಂದರೆ ಗಂಡ ಸಾಯುತ್ತಾನೆ ಅಂತ ಅವನು ಆಗಲೇ ತೀರ್ಮಾನ ಮಾಡಿದ್ದ.

ಸಂಜೆ ಗ್ಯಾಂಗಿನ ಹಿರಿಯ ಗೊರಕೆ ಮನೆಗೆ ಬಂದ. ನಿಂತಲ್ಲೇ ನಿದ್ದೆ ಹೊಡೆಯುವ ಆಸಾಮಿ ಅಂತ ಅವನಿಗೆ ಆ ಹೆಸರು. ಇಲಿಗೆ ವಿಷಯವೆಲ್ಲ ಅವನೇ ಹೇಳಿದ. ಇಲಿ ಗೋಡೆಯ ಗಡಿಯಾರದ ಕಡೆ ಮುಖ ಮಾಡಿಕೊಂಡು ಮಲಗಿದ್ದ.

"ಕುಡುಕ ಅಂದ್ನಾ ನನ್ನ, ಬೋಳಿಮಗ?" ಅಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಬಿಟ್ಬಿಡು. ಡಬ್ಬಿ ವಿಷಯ ಎತ್ತಿದ್ರೆ ಎಲ್ರ ಕೆಲಸ ಹೋಗುತ್ತೆ. ನನಗೋಸ್ಕರ ನಲವತ್ತು ಮನೆ ಒಲೆ ಆರಿಸ್ಬೇಡ."

"ನಿನ್ನ ನೀನು ಏನಂದ್ಕೊಂಡಿದ್ದೀಯ, ದೊಡ್ಡ ತ್ಯಾಗಮಯಿ?" ಅಂದ ಗೊರಕೆ. ಬಾಯಿ ತೆರೆದು ಬೆರಳಿಂದ ಒಸಡು ಒತ್ತಿ ತೋರಿಸಿದ. ಬೆರಳು ಕೆಂಪಾಯಿತು. "ಮನೇಲಿ ಹೇಳಿಲ್ಲ. ಎರಡು ತಿಂಗಳಾಯ್ತು. ಸೋಪಕ್ಕ, ನೀನು ಏನು ಮಾಡ್ತೀಯೋ ಮಾಡು. ಹುಡುಗರಿಗೆ ನಾನು ಹೇಳ್ತೀನಿ."

ಎರಡನೇ ದಿನ ಬೆಳಿಗ್ಗೆ ಒಗೆಯುವ ಕೋಣೆಯಲ್ಲಿ ಎಂದಿನಂತೆ ಎಲ್ಲ ನಡೆಯಿತು. ಅಣ್ಣ ಬಾಗಿಲಲ್ಲಿ ನಿಂತು ಗದರಿದ, "ಬೇಗ ಬೇಗ ಬಿಚ್ಚ್ರೋ, ಮಾವನ ಮನೆಗೆ ಬಂದಿದ್ದೀರಾ?" ಒಬ್ಬೊಬ್ಬರೇ ಬಿಲ್ಲೆ ಬಿಚ್ಚಿ ಡಬ್ಬಿಗೆ ಹಾಕಿದರು. ಟಣ್, ಟಣ್. ಮೂವತ್ತೊಂಬತ್ತು. ಯಾರೂ ಅವಳ ಮುಖ ನೋಡಲಿಲ್ಲ. ಗೊರಕೆ ಮಾತ್ರ ಕೊನೆಗೆ ನಿಂತು, "ಹನ್ನೊಂದೂವರೆಗೆ ಬಂದು ಗೇಟಲ್ಲಿ ನಿಲ್ತೀವಿ," ಅಂದು ಒಳಗೆ ಇಳಿದ. ಅವರು ಇಳಿದದ್ದೇ ತಡ, ಅಣ್ಣ ಅಂಗಿ ಬದಲಾಯಿಸಿ ಸಭೆಗೆ ಹೊರಟ.

ಸೋಪಕ್ಕ ಹರಿದ ಹಳದಿ ಬಟ್ಟೆಗಳ ಗಂಟು ಕಟ್ಟಿ, ನಡುವೆ ಡಬ್ಬಿ ಇಟ್ಟಳು. ಹೊಲಿಗೆಯ ಶೆಡ್ಡು ಗೇಟಿನಾಚೆ. ಗಾರ್ಡು ದಿನಾ ಎಲ್ಲರ ಜೇಬು ತಡಕುತ್ತಾನೆ, ಆ ಬಟ್ಟೆಯ ಗಂಟನ್ನು ಮಾತ್ರ ಮುಟ್ಟುವುದಿಲ್ಲ. ಒಳಗಿನ ಬಟ್ಟೆ ಅಂದರೆ ಅವನಿಗೆ ಪುಕಪುಕ. "ಹೋಗ್ ಹೋಗ್, ದೂರ ಇಟ್ಕೊಂಡು ಹೋಗು," ಅಂತ ಕೋಲಾಡಿಸಿದ. ಅದೇ ಬಟ್ಟೆಯನ್ನು ಅವಳು ಹನ್ನೊಂದು ವರ್ಷ ಬರಿಗೈಯಲ್ಲಿ ಒಗೆದಿದ್ದಳು.

ಸಭೆಯಲ್ಲಿ ಮಾವ ಮೊದಲೇ ಬಂದು ಮುಂದಿನ ಸಾಲಲ್ಲಿ ಕೂತಿದ್ದ. ಅದೇ ಪರದೆ, ಅದೇ ಕಂಬಗಳು. ಸಾಹೇಬ ಮುಗಿಸುವ ಹಂತದಲ್ಲಿದ್ದ. "ಈ ಕ್ಷಣದಲ್ಲೂ ಒಳಗೆ ನಮ್ಮ ಕೆಲಸಗಾರರು ಇದ್ದಾರೆ. ಪ್ರತಿಯೊಬ್ಬನ ಎದೆ ಮೇಲೂ ಬಿಲ್ಲೆ ಇದೆ. ಈ ಹಸಿರು ಕಂಬ ಬಂದಿರೋದು ಆ ಬಿಲ್ಲೆಗಳಿಂದ. ಅದು ನಮ್ಮ ಬಾಯಿಮಾತಲ್ಲ."

ಸೋಪಕ್ಕ ಗಂಟು ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. ಹೊಲಿಗೆಯವಳು ದಾರಿ ತಪ್ಪಿ ಬಂದಳೇನೋ ಅಂತ ಯಾರೂ ತಡೆಯಲಿಲ್ಲ. ಸಾಹೇಬನ ಮೇಜಿನ ಮೇಲೆ ಹಳದಿ ಬಟ್ಟೆ ಹರಡಿ ಡಬ್ಬಿ ಬೋರಲು ಹಾಕಿದಳು. ಬಿಲ್ಲೆಗಳು ಸುರಿದವು.

"ಈಗ ಒಳಗಿರೋರ ಬಿಲ್ಲೆ ಇವು," ಅಂದಳು. ಮೈಕು ಅವಳ ಮಾತನ್ನು ಸಭಾಂಗಣದ ತುಂಬ ಎಸೆಯಿತು. "ಒಂದೊಂದರ ಮೇಲೂ ನಂಬರಿದೆ. ಓದ್ಕೊಳ್ಳಿ."

ಅಣ್ಣ ಓಡಿ ಬಂದ. ಮುಖ ಬೂದಿಯಾಗಿತ್ತು. "ಮುಚ್ಚು ಅದನ್ನ. ಅನ್ನ ಹಾಕಿದ ಕೈ ಕಡೀತೀಯೇನೇ? ಎಲ್ರ ಹೊಟ್ಟೆ ಮೇಲೆ ಹೊಡೀತಿದ್ದೀಯ, ಗೊತ್ತಾ?"

"ಗೊತ್ತು."

"ನಾಳೆಯಿಂದ ಏನು ತಿಂತಾರೆ ಅವ್ರು?"

"ಅದು ಗೊತ್ತಿಲ್ಲ ನಂಗೆ. ಯಾವ ಕರೆಂಟು ಒಳ್ಳೇದು, ಯಾವುದು ಕೆಟ್ಟದ್ದು, ಅದೂ ಗೊತ್ತಿಲ್ಲ. ಮಾವನ್ನ ಕಲ್ಲಿದ್ದಲು ತಿಂತು. ಸಾಹೇಬ್ರು ಅದನ್ನ ಬರ್ಕೊಂಡಿದ್ದಾರೆ, ಅಷ್ಟು ಉದ್ದ ಕಂಬ ಹಾಕಿದ್ದಾರೆ. ನನ್ನ ಗಂಡನ್ನ ಯಾಕೆ ಬರ್ಕೊಂಡಿಲ್ಲ?"

ಸೆರಗಿನ ಗಂಟು ಬಿಚ್ಚಿ ಇನ್ನೊಂದು ಬಿಲ್ಲೆ ತೆಗೆದಳು. ಇಲಿಯದು. ಅವ್ವ ಸತ್ತ ಮೇಲೆ ತನಗೆ ಜಡೆ ಹಾಕಿದ್ದ ಆ ಕೈಯನ್ನು ಸರಿಸಿ, ಅಣ್ಣನ ಬಿಳಿ ಅಂಗಿಗೆ ಅದನ್ನು ಸಿಕ್ಕಿಸಿದಳು. "ತಗೋ. ನಿನ್ನ ಭಾವಮೈದಂದು. ಹೊಸದಾಗೇ ಇದೆ. ಹಾಕ್ಕೊಂಡು ಪೈಪಿಗೆ ಇಳಿ. ಮೂರೇ ವಾರ. ಆಮೇಲೆ ಬಂದು ಇದೇ ಮೈಕಲ್ಲಿ ಹೇಳು."

"ಕಳ್ಳತನ ಇದು," ಅಂದ ಸಾಹೇಬ. "ಹಿಡೀರಿ ಇವಳನ್ನ. ಮೇಜು ಖಾಲಿ ಮಾಡಿ ಮೊದ್ಲು."

ಇಬ್ಬರು ಗಾರ್ಡುಗಳು ಬಂದರು. ಒಬ್ಬ ಅವಳ ರಟ್ಟೆ ಹಿಡಿದ. ಇನ್ನೊಬ್ಬ ಬಿಲ್ಲೆಗಳಿಗೆ ಕೈ ಚಾಚಿದವನು ಹಳದಿ ಬಟ್ಟೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. ಮುಂದಿನ ಸಾಲಿನವರು ಕುರ್ಚಿ ಹಿಂದೆ ಸರಿಸಿದರು; ಬಾಳೆಹಣ್ಣಿನ ಡಾಕ್ಟರು ಎಲ್ಲರಿಗಿಂತ ಮೊದಲು.

ಆಗ ಮೇಜಿನ ಮೇಲಿದ್ದ ಸಾಹೇಬನ ಫೋನು ಬಡಿದುಕೊಂಡಿತು. ಅವನು ಎತ್ತಿಕೊಂಡ. ಎದುರಿಗೇ ಮೈಕಿತ್ತು, ಫೋನಿನ ದನಿ ಎಲ್ಲರಿಗೂ ಕೇಳಿಸಿತು.

"ಸಾರ್, ಗೇಟಿಂದ ಮಾತಾಡ್ತಿದ್ದೀನಿ. ಒಳಗಿನ ಮೂವತ್ತೊಂಬತ್ತು ಜನಾನೂ ಬಂದು ಸಾಲಾಗಿ ನಿಂತಿದ್ದಾರೆ. ಒಬ್ಬನ ಎದೆ ಮೇಲೂ ಬಿಲ್ಲೆ ಇಲ್ಲ ಸಾರ್. ಕೇಳಿದ್ರೆ, ಸಾಹೇಬ್ರ ಹತ್ರಾನೇ ಇದೆ, ಕೇಳಿ ಅಂತಾರೆ. ಇವ್ರನ್ನ ಹೊರಗೆ ಬಿಡ್ಲಾ, ಬೇಡ್ವಾ?"

ಸಾಹೇಬ ಮೈಕಿನ ಗುಂಡಿ ಹುಡುಕತೊಡಗಿದ. "ಸಾರ್?" ಅಂದಿತು ಫೋನು. "ಕೇಳಿಸ್ತಾ ಸಾರ್? ಏನು ಬರ್ಕೊಳ್ಳಲಿ?"

ಮಾವ ಮುಂದಿನ ಸಾಲಿನ ಕುರ್ಚಿ ಹಿಡಿದು ಎದ್ದು ನಿಂತ. ಕೆಮ್ಮು ಮುಗಿಯುವವರೆಗೆ ಎಲ್ಲರೂ ಕಾಯಬೇಕಾಯಿತು.

"ಹೇಳಿ ಸ್ವಾಮಿ," ಅಂದ. "ಹುಡುಗ್ರು ನಿಂತಿದ್ದಾರೆ."