ಆರು ಬೈ ಬಾಕಿ

ಅಪ್ಪ ತಾವು ನಂಬದ ಮಾತನ್ನು ಆಡುವವರಲ್ಲ. ಮೂವತ್ತೆಂಟು ವರ್ಷ ಪತ್ರಿಕೆಯೊಂದರಲ್ಲಿ ಅಚ್ಚುಮೊಳೆ ಜೋಡಿಸಿದವರು. ಒಂದೊಂದು ಅಕ್ಷರವನ್ನೂ ಬೆರಳಲ್ಲಿ ಹಿಡಿದು ನೋಡಿದ ಅಭ್ಯಾಸ. ದೇವರ ವಿಷಯದಲ್ಲಂತೂ ಕಟ್ಟುನಿಟ್ಟು. ಯಾರಾದರೂ ದೇವರ ದಯೆಯಿಂದ ಚೆನ್ನಾಗಿದ್ದೇವೆ ಎಂದರೆ, ಹಾಗಾದರೆ ಮಾತ್ರೆ ನಿಲ್ಲಿಸಿದಿರಾ ಎಂದು ಕೇಳುತ್ತಿದ್ದರು. ಬೀಳ್ಕೊಡುವಾಗ ಅವರು ಬಳಸುತ್ತಿದ್ದುದು ಒಂದೇ ಪದ, ಬೈ. ಚಿಕ್ಕದು, ಚೊಕ್ಕದು, ಯಾರ ಹಂಗೂ ಇಲ್ಲದ್ದು ಎಂಬುದು ಅವರ ಸಮರ್ಥನೆ.

ಆ ನೆಮ್ಮದಿ ಕೆಡಿಸಿದವಳು ನಾನು. ಅದೇ ಪತ್ರಿಕೆಯಲ್ಲಿ ಈಗ ನಾನು ಉಪಸಂಪಾದಕಿ. ಪ್ರತಿ ಮಂಗಳವಾರ ಪದಗಳ ಹುಟ್ಟಿನ ಬಗ್ಗೆ ಪುಟ್ಟ ಅಂಕಣ ಬರೆಯುತ್ತೇನೆ. ಓದುಗರೊಬ್ಬರು ‘ಬೈ’ ಎಲ್ಲಿಂದ ಬಂತೆಂದು ಕೇಳಿದ್ದರು. ಎರಡು ನಿಘಂಟು ನೋಡಿ ಬರೆದೆ: ಬೈ ಎಂಬುದು ಗುಡ್‌ಬೈಯ ಬಾಲ. ಗುಡ್‌ಬೈ ಎಂಬುದು ‘ದೇವರು ನಿಮ್ಮೊಂದಿಗಿರಲಿ’ ಎಂಬ ಇಂಗ್ಲಿಷ್ ಹಾರೈಕೆ ಬಾಯಿಂದ ಬಾಯಿಗೆ ಸವೆದು ಆದದ್ದು. ಸುಮಾರು ನಾಲ್ಕೂವರೆ ಶತಮಾನದ ಹಿಂದೆಯೇ ಅದು ಒಂದೇ ಪದವಾಗಿ ಮುದ್ದೆಯಾಗಿತ್ತು. ಗುಡ್ ಡೇ, ಗುಡ್ ನೈಟ್‌ಗಳ ಸಹವಾಸದಲ್ಲಿ ‘ಗಾಡ್’ ಹೋಗಿ ‘ಗುಡ್’ ಬಂತು. ಕೊನೆಗೆ ಆ ಗುಡ್ ಕೂಡ ಉದುರಿತು.

ಅಪ್ಪ ನನ್ನ ಅಂಕಣ ಓದುವುದು ಕೆಂಪು ಪೆನ್ನು ಹಿಡಿದೇ. ಅಂದು ಒಂದೂ ಗುರುತು ಬೀಳಲಿಲ್ಲ. ಕನ್ನಡಕ ತೆಗೆದರು.

“ಇದು ಖಚಿತಾನಾ?”

“ಎರಡು ನಿಘಂಟಲ್ಲೂ ಇದೆ ಅಪ್ಪ.”

“ಅಂದ್ರೆ ಇಷ್ಟು ವರ್ಷ ನಾನು ಕಂಡಕಂಡವರಿಗೆಲ್ಲ ಆಶೀರ್ವಾದ ಮಾಡ್ಕೊಂಡು ತಿರುಗಿದೀನಿ. ವಾರವಾರ ಬಂದು ತಲೆ ತಿನ್ನೋ ಆ ಇನ್ಶೂರೆನ್ಸ್ ಏಜೆಂಟ್‌ಗೂ.”

ಆ ಗಳಿಗೆಯಿಂದ ಬೈ ಬಂದ್.

ಪೆಟ್ಟು ಬಿದ್ದದ್ದು ಪುಟ್ಟಿಗೆ. ನನ್ನ ಮಗಳು, ಐದು ಮುಗಿದಿದೆ, ಒಂದನೇ ತರಗತಿಗೆ ಸೇರಿ ಎರಡು ತಿಂಗಳು. ಮೊದಲ ಮೂರು ವಾರ ಗೇಟಿನ ಸರಳು ಹಿಡಿದು ಅಳುತ್ತಿದ್ದವಳನ್ನು ಒಳಗೆ ಕಳಿಸುವ ಉಪಾಯ ಕಂಡುಹಿಡಿದವರು ಅಪ್ಪನೇ. ಗೇಟಿನಲ್ಲಿ ಒಂದು ಬೈ, ಮೆಟ್ಟಿಲ ಮೇಲಿಂದ ಅವಳು ತಿರುಗಿದಾಗ ಒಂದು, ತರಗತಿಯ ಕಿಟಕಿಯಲ್ಲಿ ಮುಖ ಕಂಡಾಗ ಒಂದು. ಮೂರೂ ಸಿಕ್ಕರೆ ಅಳುವಿಲ್ಲ. ಮಂಗಳವಾರ ಅವರು ಬರೀ ಕೈ ಬೀಸಿದರು. ಅವಳು ಕಂಬದಂತೆ ನಿಂತಳು. ಬುಧವಾರ ‘ಸರಿ, ನಡಿ’ ಎಂದರಂತೆ, ‘ನಾಲ್ಕು ಗಂಟೆಗೆ ಸಿಗೋಣ’ ಎಂದರಂತೆ. ಎಲ್ಲಕ್ಕೂ ಅವಳದು ಒಂದೇ ಉತ್ತರ, ಅದಲ್ಲ. ಎರಡೂ ದಿನ ಗಂಟೆ ಹೊಡೆದು ಅರ್ಧ ತಾಸು ಕಾದು ಮನೆಗೆ ವಾಪಸು ಕರೆತರಬೇಕಾಯಿತು. ಬುಧವಾರ ಸಂಜೆ ಟೀಚರ್ ಫೋನ್ ಮಾಡಿದರು. ಮಗು ಇನ್ನೂ ತಯಾರಾದಂತಿಲ್ಲ, ನಾಳೆಯೂ ಹೀಗೇ ಆದರೆ ಈ ವರ್ಷ ಬಿಡಿಸಿ ಮುಂದಿನ ವರ್ಷ ಕಳಿಸಿ ಎಂದರು.

ಅಪ್ಪನ ಮುಖ ಸಪ್ಪಗಾಯಿತು. ಸುಳ್ಳು ಹೇಳಿ ಮಗುವನ್ನು ಒಳಗೆ ಕಳಿಸಬೇಕೇ ಎಂದು ನನ್ನನ್ನೇ ಕೇಳಿದರು. ಅವರ ಮೇಜಿನ ಮೇಲೆ, ನಿವೃತ್ತಿಯ ದಿನ ತಂದ ತಗಡಿನ ಡಬ್ಬಿಯಲ್ಲಿ ಹತ್ತಾರು ಸೀಸದ ಮೊಳೆಗಳಿವೆ. ಒಂದನ್ನು ಎತ್ತಿಕೊಂಡು, ಸವೆದ ಮೊಳೆಗಳನ್ನು ಏನು ಮಾಡುತ್ತಿದ್ದಿರಿ ಎಂದೆ. ಕರಗಿಸಿ ಹೊಸದಾಗಿ ಎರಕ ಹೊಯ್ಯುತ್ತಿದ್ದರು, ನಿನಗೆ ಗೊತ್ತಿಲ್ಲವೇ ಎಂದು ರೇಗಿದರು.

“ಹಾಗಾದ್ರೆ ಈ ‘ಕ’ ಮೊದಲು ಯಾವ ಅಕ್ಷರ ಆಗಿತ್ತು?”

“ಯಾರಿಗೆ ಗೊತ್ತು? ಸೀಸಕ್ಕೆ ನೆನಪಿರಲ್ಲ. ಈಗ ಕಾಗದದ ಮೇಲೆ ಏನು ಮೂಡುತ್ತೋ ಅದೇ ಅಕ್ಷರ…”

ಅಪ್ಪ ಮೊಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು, ಡಬ್ಬಿಗೆ ಹಾಕಿದರು, ಮುಚ್ಚಳ ಒತ್ತಿದರು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಗುರುವಾರ ನಾನೂ ಜೊತೆಗೆ ಹೋದೆ. ಟೀಚರ್ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಪುಟ್ಟಿ ಸರಳು ಹಿಡಿದಳು. ಗಂಟೆ ಹೊಡೆಯಿತು. ಅಪ್ಪ ಗಂಟಲು ಸರಿಮಾಡಿಕೊಂಡರು.

“ಬೈ.”

ಅವಳು ಸರಳು ಬಿಟ್ಟು ಒಂದು ಹೆಜ್ಜೆ ಇಟ್ಟು ನಿಂತಳು.

“ಮೊನ್ನೇದು ಮೂರು, ನಿನ್ನೇದು ಮೂರು ಬಾಕಿ ಇದೆ ತಾತ.”

ಅಪ್ಪ ಬೀದಿಯ ಆಚೆ ಈಚೆ ನೋಡಿದರು. ಸೈಕಲ್ ರಿಪೇರಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿದ್ದ. ಆರನ್ನೂ ಬಿಡಿಬಿಡಿಯಾಗಿ, ಒಂದೂ ನುಂಗದೆ ಹೇಳಿದರು. ಪುಟ್ಟಿ ಬೆರಳು ಮಡಿಸಿ ಎಣಿಸಿಕೊಂಡಳು. ಮೆಟ್ಟಿಲಲ್ಲಿ ಎಂಟನೆಯದು, ಕಿಟಕಿಯಲ್ಲಿ ಒಂಬತ್ತನೆಯದು. ಲೆಕ್ಕ ಇಷ್ಟು ಚೆನ್ನಾಗಿ ಬರುತ್ತದೆ ಎಂದ ಮೇಲೆ ತಯಾರಾಗಿದ್ದಾಳೆ ಬಿಡಿ ಎಂದು ಟೀಚರ್ ನಕ್ಕು ಒಳಗೆ ಹೋದರು.

ಶನಿವಾರ ಇನ್ಶೂರೆನ್ಸ್ ಏಜೆಂಟ್ ಬಂದು, ಒಂದು ಗಂಟೆ ಕೂತು, ಎದ್ದು ಬೈ ಸರ್ ಎಂದ. ಅಪ್ಪ ಬರೀ ತಲೆ ಆಡಿಸಿ ಬಾಗಿಲು ಹಾಕಿಕೊಂಡರು. ಸೀಸಕ್ಕೆ ನೆನಪಿರಲ್ಲ ಅಂದಿರಲ್ಲ ಎಂದು ನೆನಪಿಸಿದೆ.

“ಇರಲ್ಲ,” ಎಂದರು. “ಆದ್ರೂ ಈ ಮನುಷ್ಯನ ವಿಷಯದಲ್ಲಿ ರಿಸ್ಕ್ ಯಾಕೆ?”