ಒಂಟಿ ಚೆಲ್ಲೋಗಾಗಿ ಐದನೆಯ ಹಾಡು

ಐದನೆಯ ಹಾಡಿಗೆ ಯಾರೂ ದನಿಗೂಡಿಸಲಿಲ್ಲ.

ಕಾಲುಗಳ ನಡುವೆ ನಿಲ್ಲಿಸಿದ, ದೊಡ್ಡ ಪಿಟೀಲಿನಂಥ ಚೆಲ್ಲೋದ ಮೇಲೆ ಕಮಾನು ಎಳೆಯುತ್ತಲೇ ಅವನು ಸಭೆಯತ್ತ ಕಣ್ಣು ಹಾಯಿಸಿದ. ಹಾಡಿನ ಹೆಸರು ಹೇಳದೆ ನುಡಿಸುವುದು, ಕೇಳುವವರು ತಾವೇ ಗುರುತು ಹಿಡಿದು ಗುನುಗುವುದು, ಗ್ರಂಥಾಲಯದ ಈ ಪುಟ್ಟ ಸಭಾಂಗಣದಲ್ಲಿ ನಡೆದುಕೊಂಡು ಬಂದ ಪದ್ಧತಿ. ಜೋಗುಳವೋ, ಶಾಲೆಯ ಪ್ರಾರ್ಥನೆಯೋ, ಹಳೆಯ ಸಿನಿಮಾ ಹಾಡೋ, ಗುರುತು ಸಿಕ್ಕಿದ ಕೂಡಲೇ ಮುಖಗಳು ಅರಳುತ್ತಿದ್ದವು. ತಮಗೆ ಗೊತ್ತಿರುವುದನ್ನೇ ಮತ್ತೆ ಕೇಳಿ ಖುಷಿಪಡುವ ಈ ಜನರ ಬಗ್ಗೆ ಸಂಗೀತ ಶಾಲೆಯ ಮೇಷ್ಟ್ರಾದ ಅವನಿಗೆ ಒಳಗೊಳಗೇ ತಾತ್ಸಾರ. ಆದರೆ ಈಗ ಅವರು ಸುಮ್ಮನೆ ಕೂತಿದ್ದು ನೋಡಿ ಬೆನ್ನು ಬೆವರಿತು.

ಪಕ್ಕವಾದ್ಯವಿಲ್ಲದ ಒಂಟಿ ಚೆಲ್ಲೋ ಹಾಡನ್ನೂ ನುಡಿಸಬೇಕು, ಹಾಡಿಗೆ ಆಸರೆಯಾಗುವ ಮಂದ್ರವನ್ನೂ ನುಡಿಸಬೇಕು. ಇರುವುದು ಒಂದೇ ಕಮಾನು. ಹಾಗಾಗಿ ಕೆಳಗಿನ ತಂತಿಯನ್ನು ಒಮ್ಮೆ ಮುಟ್ಟಿ ಮೇಲಕ್ಕೆ ಓಡಿಬಿಡಬೇಕು. ಬಿಟ್ಟುಬಂದ ಸ್ವರ ಇನ್ನೂ ಮೊಳಗುತ್ತಿದೆ ಎಂದು ಕೇಳುವವರ ಕಿವಿ ತಾನಾಗಿ ನಂಬಿಕೊಳ್ಳುತ್ತದೆ. ಹೀಗೆ ನಂಬಿಸುವುದರಲ್ಲಿ ಅವನದು ಪಳಗಿದ ಕೈ.

ಐದನೆಯದು ಹೆಂಡತಿ ಅಡುಗೆಮನೆಯಲ್ಲಿ ಗುನುಗುತ್ತಿದ್ದ ಹಾಡು. ಯಾವುದೋ ಹಳೆಯದು, ಎಲ್ಲರಿಗೂ ಗೊತ್ತಿರುವಂಥದ್ದು ಎಂದುಕೊಂಡಿದ್ದ. ಅವಳನ್ನು ಕೇಳಿರಲಿಲ್ಲ. ಅದಕ್ಕೆ ಮಂದ್ರ ಹುಡುಕಲು ಒದ್ದಾಡಬೇಕಾಗಲೂ ಇಲ್ಲ. ಬೆರಳುಗಳು ತಾವಾಗಿಯೇ ತಮ್ಮ ಜಾಗಕ್ಕೆ ಹೋಗಿ ಕೂತಿದ್ದವು. ಅದನ್ನು ಅವನು ಪ್ರತಿಭೆ ಎಂದು ತಿಳಿದಿದ್ದ. ತೊಡಕು ಒಂದೇ: ಮೇಲೇರುವ ಸ್ವರಗಳ ನಡುವೆ, ಯಾವಾಗಲೂ ಒಂದೇ ಜಾಗದಲ್ಲಿ, ಅವಳು ನಿಲ್ಲಿಸಿಬಿಡುತ್ತಿದ್ದಳು. ಪಾಪ, ಮುಂದಿನದು ಮರೆತಿರಬೇಕು. ಅವನೇ ಒಂದು ಕೊನೆ ಕಟ್ಟಿದ್ದ. ಷಡ್ಜಕ್ಕೆ ಇಳಿದು ನೆಮ್ಮದಿಯಾಗಿ ನಿಲ್ಲುವ, ಅಚ್ಚುಕಟ್ಟಾದ ಕೊನೆ.

ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ಅವಳೊಬ್ಬಳ ತುಟಿ ಅಲುಗುತ್ತಿತ್ತು. ಆ ಜಾಗ ಬಂತು. ತುಟಿ ನಿಂತಿತು. ಅವನು ನಿಲ್ಲದೆ ಮುಂದಕ್ಕೆ ಹೋದ. ಚಪ್ಪಲಿ ಬಿಡದೆ ಮನೆಯೊಳಗೆ ಬಂದವರನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದಳು. ಆಮೇಲೆ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದಳು.

ಕಾರ್ಯಕ್ರಮ ಮುಗಿದ ಮೇಲೆ ನಿವೃತ್ತ ದಂತವೈದ್ಯರೊಬ್ಬರು ಕಾಗದದ ಲೋಟದಲ್ಲಿ ಕಾಫಿ ಹಿಡಿದು ಹತ್ತಿರ ಬಂದರು. ಯಾವ ಕಾರ್ಯಕ್ರಮವನ್ನೂ ತಪ್ಪಿಸದ, ಯಾವ ಹಾಡೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳದ ಮನುಷ್ಯ.

"ಐದನೇದು! ನಮ್ಮಜ್ಜಿ ಹಾಡ್ತಿದ್ರು ರೀ ಅದನ್ನ. ಕಣ್ಣಲ್ಲಿ ನೀರು ಬಂತು."

"ಹೌದಾ?"

"ಇದೇ ಧಾಟಿ. ಕೊನೆ ಅಂತೂ ಥೇಟ್ ಇದೇ."

ಆ ಕೊನೆಯನ್ನು ತಾನು ಕಟ್ಟಿ ತಿಂಗಳಾಗಿಲ್ಲ ಎಂದು ಅವನು ಹೇಳಲಿಲ್ಲ. ನಕ್ಕ.

ಪ್ರಕಾಶಕರು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. ಅವನು ಚೆಲ್ಲೋಗೆ ಅಳವಡಿಸಿದ ಹಾಡುಗಳ ಪುಸ್ತಕ ಮಾರನೆಯ ದಿನ ಅಚ್ಚಿಗೆ ಹೋಗಬೇಕಿತ್ತು.

"ಸರ್, ಎಲ್ಲಾ ಹಾಡಿಗೂ ಯಾರದು ಅಂತ ಹಾಕಿದೀವಿ. ಐದನೇದಕ್ಕೆ ಮಾತ್ರ ಪರಂಪರೆಯಿಂದ ಬಂದಿದ್ದು ಅಂತ ಬರೆದಿದೀರಿ. ನಮ್ಮಮ್ಮನಿಗೆ ಹಾಡು ಅಂದ್ರೆ ಪ್ರಾಣ, ಅವರಿಗೇ ಗೊತ್ತಿಲ್ಲ. ಇಂಥಾ ಹಾಡೇ ಇಲ್ಲ ಅಂತಾರೆ."

"ಹಳೇದು."

"ನೀವೆಲ್ಲಿ ಕೇಳಿದ್ದು?"

"ಹೀಗೇ. ಮನೇಲಿ."

"ಹಾಗಾದ್ರೆ ಮನೇಲೇ ವಿಚಾರಿಸಿ ಸರ್. ಆಮೇಲೆ ಫೋನ್ ಮಾಡ್ತೀನಿ. ಯಾರಾದ್ರೂ ಬದುಕಿರೋರು ಬಂದು ನಂದು ಅಂದ್ರೆ ಮರ್ಯಾದೆ ಪ್ರಶ್ನೆ."

ಬದುಕಿರುವವಳು ಬಾಗಿಲ ಹತ್ತಿರ ಅವನ ಕೋಟು ಹಿಡಿದುಕೊಂಡು ನಿಂತಿದ್ದಳು.

ಮನೆಯ ದಾರಿಯ ಕಾಲುಹಾದಿ ಕಿರಿದು. ಚೆಲ್ಲೋದ ಪೆಟ್ಟಿಗೆ ಬೆನ್ನಿಗೇರಿದರೆ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ಮದುವೆಯಾದಾಗಿನಿಂದಲೂ ಅವನು ಮುಂದೆ, ನಡುವೆ ಪೆಟ್ಟಿಗೆ, ಹಿಂದೆ ಅವಳು. ಇದು ರೂಢಿಯಾಗಿಬಿಟ್ಟಿತ್ತು. ಅವನು ಮುಖ ತಿರುಗಿಸದೆ ಕೇಳಿದ.

"ಐದನೇದು ಎಲ್ಲಿ ಕಲಿತದ್ದು ನೀನು?"

"ಕಲಿತದ್ದೇನಲ್ಲ."

"ಮತ್ತೆ?"

ಪೆಟ್ಟಿಗೆಯ ಹಿಂದಿನಿಂದ ಉತ್ತರ ಬಂತು.

"ಬೆಳಿಗ್ಗೆ ಸಾಧನೆ ಮಾಡ್ತೀರಲ್ಲ, ಕೆಳಗಿನ ತಂತಿ ಪಾಠ. ಅದು ಕೇಳಿಸ್ತಿತ್ತು. ಅದರ ಮೇಲೆ ಹೀಗೆ ಏನೋ ಬರೋದು."

"ಯಾವಾಗಿನಿಂದ?"

"ಮದುವೆಯಾದ ಹೊಸದರಲ್ಲೇ. ನೀವು ಬಾಗಿಲು ಹಾಕ್ಕೊಂಡು ಕೂತ್ಕೊಳ್ತಿದ್ರಿ. ನನಗೂ ಇಲ್ಲಿ ಯಾರೂ ಗೊತ್ತಿರಲಿಲ್ಲ."

ಬೆರಳುಗಳು ತಾವಾಗಿಯೇ ಹೋಗಿ ಕೂತ ಜಾಗ ಯಾವುದೆಂದು ಈಗ ತಿಳಿಯಿತು. ತಾನು ಕಂಡುಹಿಡಿದೆನೆಂದು ಬೀಗಿದ ಮಂದ್ರ ತನ್ನದೇ ನಿತ್ಯದ ಪಾಠ. ಇಷ್ಟು ವರ್ಷ ಮುಚ್ಚಿದ ಬಾಗಿಲಿನ ಆಚೆಗೊಬ್ಬರು, ಈಚೆಗೊಬ್ಬರು ಒಂದೇ ಹಾಡನ್ನು ಹಾಡಿಕೊಂಡಿದ್ದರು. ಒಬ್ಬರಿಗೆ ಗೊತ್ತಿತ್ತು. ಗೊತ್ತಿಲ್ಲದ ಇನ್ನೊಬ್ಬ, ಮಕ್ಕಳ ಕಿವಿ ಪಳಗಿಸುವ ಮೇಷ್ಟ್ರು.

"ಕೊನೆ ಯಾಕೆ ಹಾಡ್ತಿರಲಿಲ್ಲ?" ಎಂದ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ನೀವೇ ಅಲ್ಲಿಗೆ ನಿಲ್ಲಿಸ್ತಿದ್ರಿ. ಮತ್ತೆ ಮೊದಲಿಂದ ಶುರು ಮಾಡ್ತಿದ್ರಿ."

ನಿಜ. ಆ ಪಾಠದಲ್ಲಿ ಎಡಗೈ ಒಮ್ಮೆಲೇ ಮೇಲಕ್ಕೆ ಜಾರಿ ಕೂರಬೇಕಾದ ಒಂದು ಜಾಗವಿತ್ತು. ಅದು ಅವನಿಗೆ ಒಂದು ದಿನವೂ ಒಲಿಯಲಿಲ್ಲ. ತಂತಿ ಶ್ರುತಿ ಸರಿಮಾಡುವ ನೆಪದಲ್ಲಿ ನಿಲ್ಲಿಸುತ್ತಿದ್ದ. ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದ. ಅದೇ ಅವಳ ಬಾಯಲ್ಲಿ ಹಾಡಿನ ಕೊನೆಯಾಗಿ ಉಳಿದಿತ್ತು.

"ಇವತ್ತಿನ ಕೊನೆ ಚೆನ್ನಾಗಿತ್ತು," ಎಂದಳು ಅವಳು. ಅದರಲ್ಲಿ ಕೊಂಕಿತ್ತೋ ಇಲ್ಲವೋ, ಮುಖ ನೋಡದೆ ಹೇಗೆ ಹೇಳುವುದು? ತಿರುಗಿ ನೋಡಬಹುದಿತ್ತು. ಪೆಟ್ಟಿಗೆ ಗೋಡೆಗೆ ತಾಗುತ್ತದೆ ಎಂದುಕೊಂಡು ಅವನು ನಡೆಯುತ್ತಲೇ ಇದ್ದ.

ಮೆಟ್ಟಿಲು ಹತ್ತಿ ನಿಂತಾಗ ಫೋನ್ ಬಂತು. ಅವಳು ಪಕ್ಕದಲ್ಲೇ ಬ್ಯಾಗಿನಲ್ಲಿ ಕೀಲಿಕೈ ಹುಡುಕುತ್ತಿದ್ದಳು.

"ಕೇಳಿದ್ರಾ ಸರ್? ಯಾರ ಹೆಸರು ಹಾಕೋಣ?"

ಹೇಳಬೇಕಾದದ್ದು ಎರಡೇ ಮಾತು. ನನ್ನ ಹೆಂಡತಿಯದು. ಆದರೆ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ನಿಮಗೆ ಗೊತ್ತಿರಲಿಲ್ವಾ ಎಂದು ಕೇಳುತ್ತಾರೆ. ಜೊತೆಗಿದ್ದೂ ಕೇಳಲಿಲ್ವಾ ಎನ್ನುತ್ತಾರೆ. ಸಂಗೀತ ಶಾಲೆಯಲ್ಲಿ ಇದೊಂದು ನಗೆಯ ಕಥೆಯಾಗುತ್ತದೆ. ಅವಳಿಗೂ ಹೆಸರಿನ ಹಂಬಲವೇನಿಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಅದನ್ನೂ ಅವಳನ್ನು ಕೇಳಲಿಲ್ಲ.

"ಪರಂಪರೆಯಿಂದ ಬಂದಿದ್ದೇ," ಎಂದ. "ಆ ಹಲ್ಲಿನ ಡಾಕ್ಟ್ರು ಹೇಳಿದ್ರು, ಅವರಜ್ಜಿ ಹಾಡ್ತಿದ್ರಂತೆ. ಹಾಗೇ ಇರಲಿ."

"ಸದ್ಯ, ಬಚಾವಾದ್ವಿ ಸರ್."

ಬ್ಯಾಗಿನೊಳಗೆ ಅವಳ ಕೈ ನಿಂತಿತ್ತು. ಕೀಲಿಕೈ ಆಗಲೇ ಸಿಕ್ಕಿತ್ತೆಂದು ಕಾಣುತ್ತದೆ. ಅವನ ಮಾತು ಮುಗಿಯುವವರೆಗೆ ಕಾದು, ಬೀಗ ತೆಗೆದು, ಪೆಟ್ಟಿಗೆ ತಾಗದ ಹಾಗೆ ಬಾಗಿಲನ್ನು ಪೂರ್ತಿ ಸರಿಸಿ ಹಿಡಿದುಕೊಂಡಳು.

"ಹುಷಾರು," ಎಂದಳು, ಪೆಟ್ಟಿಗೆಗೆ.

ಕೋಣೆಯಲ್ಲಿ ಅವನು ಬಹಳ ಹೊತ್ತು ದೀಪ ಹಾಕದೆ ಕೂತಿದ್ದ. ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು, ಪಾತ್ರೆಗಳು ತಾಗುತ್ತಿದ್ದವು. ಗುನುಗು ಇರಲಿಲ್ಲ. ಒಳಗೆ ಹೋಗಿ ತಪ್ಪಾಯಿತು ಎಂದು ಹೇಳಬಹುದಿತ್ತು. ಅದರ ಬದಲು ಎದ್ದು ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟ. ಆ ಬಾಗಿಲು ತೆರೆದಿಟ್ಟು ಚೆಲ್ಲೋ ಮುಟ್ಟಿದ್ದು ಅದೇ ಮೊದಲು.

ಬೆಳಗಿನ ಪಾಠ ಶುರುಮಾಡಿದ. ಹಾಡು ಬೇಡ, ಬರೀ ಕೆಳಗಿನ ತಂತಿ. ನಿಧಾನವಾಗಿ, ಮೇಲೆ ಇನ್ನೊಬ್ಬರಿಗೆ ಜಾಗ ಬಿಟ್ಟು ನುಡಿಸಿದ. ಆ ಜಾಗ ಬಂದಾಗ ನಿಲ್ಲಿಸಿದ. ಕಿವಿಗೊಟ್ಟ. ಮತ್ತೆ ಮೊದಲಿನಿಂದ ಶುರುಮಾಡಿದ.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಪಾತ್ರೆಯ ಸದ್ದೂ ನಿಂತಿತು. ಹೆಜ್ಜೆಗಳು ಇತ್ತ ಬಂದವು.

ಅವಳು ಕೈ ಒರೆಸಿಕೊಳ್ಳುತ್ತಾ ಹೊಸಿಲಿನ ಆಚೆ ನಿಂತಳು. ಅವನನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಹಾಕ್ಕೊಳ್ಳೋದು ಮರೆತಿದೀರಿ," ಎಂದಳು ಮೆತ್ತಗೆ.

"ಇಲ್ಲ..." ಎಂದ.

"ಪಾತ್ರೆ ಸದ್ದು ನಿಮಗೆ ತೊಂದರೆ."

ಚಿಲಕ ಸದ್ದಾಗದಂತೆ ಆ ಬಾಗಿಲನ್ನು ಎಳೆಯುವುದು ಅವಳಿಗೆ ಬೆರಳ ತುದಿಯಲ್ಲಿತ್ತು. ಮುಚ್ಚಿದ್ದು ಕೂಡ ಕೇಳಿಸಲಿಲ್ಲ.

ಅವನು ಕತ್ತಲಲ್ಲಿ ಕೆಳಗಿನ ತಂತಿಯನ್ನು ಒಮ್ಮೆ ಮುಟ್ಟಿ ಕಮಾನು ಎತ್ತಿದ. ಬಾಗಿಲಿನ ಆಚೆ ಇನ್ನೂ ಏನೋ ಮೊಳಗುತ್ತಿದೆ ಎಂದು ಕಿವಿ ನಂಬಲಿ ಎಂದು ಕಾದ.

ಕಿವಿ ನಂಬಲಿಲ್ಲ.