ಬಚ್ಚಲಮನೆಗೆ ಹೋದ ವಾಕರ್

ಬಸವೇಶ್ವರನಗರದ ಆ ಮನೆಯಲ್ಲಿ ಯಾರೇ ಬೆಲ್ ಮಾಡಲಿ, ಮೊದಲು ಜಾಗ ಖಾಲಿ ಮಾಡುವುದು ವಾಕರ್. ಹನುಮಕ್ಕಜ್ಜಿ ಅದನ್ನು ಎತ್ತಿಕೊಂಡು ಹೋಗಿ ಬಚ್ಚಲಮನೆಯ ಬಾಗಿಲ ಹಿಂದೆ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಆಮೇಲೆ ಬಾಗಿಲು ತೆಗೆಯುತ್ತಾರೆ.

ವಾಕರ್ ಅಜ್ಜಿಯದಲ್ಲ, ಸೊಸೆ ಗಂಗಲಕ್ಷ್ಮಮ್ಮನದು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎಡಗಾಲು ಸೊರಗಿಹೋಗಿತ್ತು. ಐವತ್ತು ದಾಟಿದ ಮೇಲೆ ಬಲಗಾಲೂ ಸೋಲತೊಡಗಿದೆ. ಕೂತಲ್ಲೇ ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಮಾತ್ರ ಆ ಬೀದಿಗೇ ಅವಳದು ಎತ್ತಿದ ಕೈ. ಮಗಳು ರಮ್ಯಳಿಗೆ ಗಂಡು ನೋಡಲು ಶುರುಮಾಡಿದಾಗಿನಿಂದ ಮನೆಯಲ್ಲಿ ಈ ವಾಕರ್ ಬಚ್ಚಿಡುವ ಪದ್ಧತಿ ಬಂದಿತ್ತು. ಗಂಡಿನ ಕಡೆಯವರು ನೋಡಿದರೆ ವಂಶದಲ್ಲೇ ಏನೋ ಇದೆ ಅಂದುಕೊಳ್ಳುತ್ತಾರೆ ಎಂದು ಅಜ್ಜಿಗೆ ಭಯ. ಪೋಲಿಯೊ ವಂಶದಲ್ಲಿ ಇಳಿದು ಬರುವ ಕಾಯಿಲೆಯಲ್ಲ. ಅದು ಅಜ್ಜಿಗೂ ಗೊತ್ತು. ಆದರೂ ಭಯ.

ಒಂದು ಬೆಳಿಗ್ಗೆ ಹಾಗೆಯೇ ಬೆಲ್ ಆಯಿತು. ವಾಕರ್ ಬಚ್ಚಲಿಗೆ ಹೋಯಿತು. ಬಂದವರು ಗಂಡಿನ ಕಡೆಯವರಲ್ಲ, ಅಂಗವಿಕಲರ ಮಾಸಾಶನದ ಪರಿಶೀಲನೆಗೆ ಬಂದ ಕಚೇರಿಯವರು. ಆದರೇನು, ಮನೆಗೆ ಬಂದವರು ಬಂದವರೇ. ಗಂಗಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ಎದ್ದಳು, ನಗುತ್ತಲೇ ಅಡುಗೆಮನೆಗೆ ಹೋಗಿ ಕಾಫಿ ತಂದುಕೊಟ್ಟಳು.

"ಆರೋಗ್ಯ ಹೇಗಿದೆ ಅಮ್ಮ?" ಎಂದು ಅವರು ಕೇಳಿದರು.

"ದೇವರು ಚೆನ್ನಾಗಿಟ್ಟಿದಾನೆ ಸಾರ್. ಏನೂ ತೊಂದ್ರೆ ಇಲ್ಲ."

"ಮನೆಕೆಲಸ ಯಾರು ಮಾಡ್ತಾರೆ?"

ಅಜ್ಜಿ ಸುಮ್ಮನಿರಬೇಕಲ್ಲ! "ಎಲ್ಲಾ ನನ್ ಸೊಸೆನೇ ಕಣಪ್ಪ. ನನ್ನ ಒಂದ್ ಲೋಟ ಎತ್ತಕ್ಕೂ ಬಿಡಲ್ಲ" ಎಂದು ಹೆಮ್ಮೆಯಿಂದ ಹೇಳಿದರು.

ಅವರು ಕಾಫಿ ಕುಡಿದು, ಗಂಗಲಕ್ಷ್ಮಮ್ಮ ನಿಂತಿದ್ದ ಒಂದು ಫೋಟೊ ತೆಗೆದುಕೊಂಡು ಹೋದರು. ಆ ಒಂದು ಲೋಟ ಕಾಫಿಯ ನೋವಿಗೆ ಅವಳು ಸಂಜೆವರೆಗೂ ಮಂಚ ಬಿಟ್ಟು ಏಳಲಿಲ್ಲ. ಫೋಟೊದಲ್ಲಿ ಅದು ಬರುವುದಿಲ್ಲ, ಪಾಪ ಬಂದವರಿಗೆ ಹೇಗೆ ಗೊತ್ತಾಗಬೇಕು?

ಸ್ವಲ್ಪ ದಿನಕ್ಕೆ ಮಾಸಾಶನ ನಿಂತಿತು. ಗಂಡ ಕೃಷ್ಣಪ್ಪ ಕಾಮಾಕ್ಷಿಪಾಳ್ಯದ ಕಾರ್ಖಾನೆಗೆ ರಜೆ ಹಾಕಿ ಕಚೇರಿಗೆ ಹೋಗಿ ಕೇಳಿದರೆ, "ಪರಿಶೀಲನೆಯಲ್ಲಿ ಅರ್ಹರಲ್ಲ ಅಂತ ಬಂದಿದೆ" ಎಂದರು. ಅವನು ತಲೆ ಅಲ್ಲಾಡಿಸಿ ವಾಪಸ್ ಬಂದ.

ಗಂಗಲಕ್ಷ್ಮಮ್ಮ ಆ ದುಡ್ಡಿನಲ್ಲೇ ಆಟೋ ಮಾಡಿಕೊಂಡು ಫಿಸಿಯೋಥೆರಪಿಗೆ ಹೋಗುತ್ತಿದ್ದಳು. ಅದು ನಿಂತರೆ ಬಲಗಾಲೂ ಬಿದ್ದುಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಟೋ ನಿಂತಿತು. ಅವಳಿಗೆ ನಿದ್ದೆ ಹಾರಿಹೋಯಿತು, ಊಟ ಸೇರದಾಯಿತು. ಎದೆ ಡವಡವ ಎನ್ನುತ್ತಿತ್ತು. ಕಣ್ಣು ಮುಚ್ಚಿ ಕಟ್ಟುತ್ತಿದ್ದ ಕುಚ್ಚು ಗಂಟುಗಂಟಾಗತೊಡಗಿತು. ಎಲ್ಲ ನನ್ನಿಂದಲೇ ಆಯಿತು, ನಾನು ಈ ಮನೆಗೆ ಭಾರ ಎಂದು ಒಬ್ಬಳೇ ಕೂತು ಅಳುತ್ತಿದ್ದಳು. ನೋಡಿದವರ ಕರುಳು ಚುರ್ ಎನ್ನುವಂತಿತ್ತು.

ಅವಳ ಸ್ವಸಹಾಯ ಸಂಘದ ಗೆಳತಿ ಸುವರ್ಣಾ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸು. ಗಂಗಲಕ್ಷ್ಮಮ್ಮ ಮೀಟಿಂಗಿಗೆ ಬರಲಿಲ್ಲವೆಂದು ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ವಿಷಯ ಕೇಳಿ, "ಗಂಗಕ್ಕ, ನಿಲ್ಸಿರೋ ಆದೇಶ ಎಲ್ಲಿ?" ಎಂದಳು.

"ಆದೇಶ ಎಂಥದ್ದು? ಬಾಯಲ್ಲಿ ಹೇಳಿದ್ರಂತೆ."

"ಬಾಯಲ್ಲಿ ಹೇಳಿದ್ದಕ್ಕೆ ಸುಮ್ನಾಗ್ತಾರಾ? ಯಾಕೆ ನಿಲ್ಸಿದ್ರಿ, ಬರೆದು ಕೊಡಿ ಅಂತ ಅರ್ಜಿ ಹಾಕ್ಬೇಕು. ಸರಿ ಇಲ್ಲ ಅನ್ಸಿದ್ರೆ ಮೇಲಧಿಕಾರಿಗೆ ಮೇಲ್ಮನವಿ ಕೊಡ್ಬೋದು. ಅದಕ್ಕೂ ಗಡುವು ಇರುತ್ತೆ, ತಡ ಮಾಡಂಗಿಲ್ಲ."

ಅಜ್ಜಿ ಒಳಗಿನಿಂದಲೇ, "ಸರ್ಕಾರದೋರ ಜೊತೆ ಜಗಳ ಬೇಡ ಕಣೇ ಸುವರ್ಣಾ. ರಮ್ಯನ ಮದುವೆ ಆಗ್ಬೇಕು, ಹೆಸರು ಹಾಳಾಗುತ್ತೆ" ಎಂದರು.

"ಜಗಳ ಅಲ್ಲ ಅಜ್ಜಿ, ಕೇಳೋದು. ಕೇಳೋದಕ್ಕೆ ಅಂತಾನೇ ದಾರಿ ಇಟ್ಟಿದಾರೆ."

ಸುವರ್ಣಾ ಹೇಳಿಕೊಟ್ಟಂತೆ ರಮ್ಯ ಅರ್ಜಿ ಬರೆದು ಕೊಟ್ಟಳು. ಆದೇಶದ ಪ್ರತಿ ಕೈಗೆ ಬಂತು. ರಮ್ಯ ಗಟ್ಟಿಯಾಗಿ ಓದಿದಳು: ಊರುಗೋಲಿಲ್ಲದೆ ನಡೆಯುತ್ತಾರೆ, ಮನೆಗೆಲಸವನ್ನೆಲ್ಲ ತಾವೇ ಮಾಡುತ್ತಾರೆ, ತೊಂದರೆ ಇಲ್ಲವೆಂದು ಅವರೇ ತಿಳಿಸಿದ್ದಾರೆ.

ಬಂದವರು ಕಂಡದ್ದನ್ನು, ಕೇಳಿದ್ದನ್ನೇ ಬರೆದಿದ್ದರು. ಸುಳ್ಳು ತೋರಿಸಿದವರು ಇವರೇ. ಅಜ್ಜಿ ಬಚ್ಚಲಮನೆಯ ಕಡೆ ನೋಡಿ ಮುಖ ತಿರುಗಿಸಿಕೊಂಡರು.

"ಈಗ ಏನ್ ಮಾಡೋದು ಸುವರ್ಣಾ? ನಾನೇ ಬಾಯಾರೆ ಚೆನ್ನಾಗಿದೀನಿ ಅಂದುಬಿಟ್ಟೆ" ಎಂದು ಗಂಗಲಕ್ಷ್ಮಮ್ಮ ಬಿಕ್ಕಿದಳು.

"ನೀವು ಮರ್ಯಾದೆಗೆ ಹೇಳಿದ್ರಿ ಅಕ್ಕ. ಅದನ್ನೇ ಬರೆಯೋಣ. ದಿನ ಹೇಗೆ ಹೋಗುತ್ತೆ, ಸ್ನಾನಕ್ಕೆ ಯಾರು ಕರ್ಕೊಂಡ್ ಹೋಗ್ತಾರೆ, ಕಾಫಿ ಕೊಟ್ಟಿದ್ ದಿನ ಏನಾಯ್ತು, ಎಲ್ಲಾ. ಅಂಗವಿಕಲರ ಕಾರ್ಡು, ಡಾಕ್ಟರ್ ಚೀಟಿ, ಎಲ್ಲದರ ಜೆರಾಕ್ಸ್ ಜೊತೆಗಿಡೋಣ. ಮತ್ತೊಂದ್ಸಲ ಬಂದು ನೋಡಿ ಅಂತ ಕೇಳೋಣ. ಆದ್ರೆ ಅದಕ್ಕೆ ಮುಂಚೆ ನಿಮ್ಮ ನಿದ್ದೆ ವಿಷಯ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಕೇಳೋ ಸರ್ಕಾರದ ಸಹಾಯವಾಣಿ. ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ."

"ನನಗೇನು ಹುಚ್ಚು ಹಿಡ್ದಿದೆಯಾ?"

"ಜ್ವರ ಬಂದ್ರೆ ನಮ್ ಕ್ಲಿನಿಕ್ಕಿಗೆ ಬರಲ್ವಾ? ಇದೂ ಹಂಗೇ."

ಗಂಗಲಕ್ಷ್ಮಮ್ಮ ಎರಡು ದಿನ ಹಿಂದೆಮುಂದೆ ನೋಡಿ ಫೋನ್ ಮಾಡಿದಳು. ಮೊದಲು ಬರೀ ಅತ್ತಳು. ಆ ಕಡೆಯ ಹೆಣ್ಣುಮಗಳು ಅಳಲು ಬಿಟ್ಟು, ಆಮೇಲೆ ನಿಧಾನವಾಗಿ ಒಂದೊಂದೇ ಕೇಳಿದಳು. ಮಲಗುವ ಹೊತ್ತು, ಉಸಿರಾಟ, ಊಟ. ಚಿಂತೆ ಬಂದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂದೂ ಕೇಳಿದಳು. ಆ ರಾತ್ರಿ ಗಂಗಲಕ್ಷ್ಮಮ್ಮ ಮೊದಲ ಸಲ ಗಂಡನಿಗೆ, "ನನಗೆ ತುಂಬಾ ನೋಯುತ್ತೆ ಕಣ್ರೀ. ಇಷ್ಟು ದಿನ ಹೇಳಿರಲಿಲ್ಲ" ಎಂದಳು. ಕೃಷ್ಣಪ್ಪ ಎದ್ದು ಅವಳ ಕಾಲಿಗೆ ಎಣ್ಣೆ ಹಚ್ಚಿದ. ಅವಳಿಗೆ ನಿದ್ದೆ ಬಂತು.

ಗಡುವಿನೊಳಗೆ ಮೇಲ್ಮನವಿ ಕೊಟ್ಟರು. ತೆಗೆದುಕೊಂಡಿದ್ದಕ್ಕೆ ಸೀಲು ಹಾಕಿದ ಸ್ವೀಕೃತಿಯನ್ನು ರಮ್ಯ ಪಟ್ಟು ಹಿಡಿದು ಇಸಿದುಕೊಂಡಳು. ಎರಡು ಸಲ ಹೋಗಿ ವಿಚಾರಿಸಿದ ಮೇಲೆ, ಮರುಪರಿಶೀಲನೆಗೆ ಬರುತ್ತೇವೆ ಎಂದು ಕಚೇರಿಯಿಂದ ಫೋನ್ ಬಂತು.

ಆ ದಿನ ಬೆಲ್ ಆದ ಕೂಡಲೇ ಹನುಮಕ್ಕಜ್ಜಿಯ ಕೈ ಅಭ್ಯಾಸಬಲದಿಂದ ವಾಕರ್ ಮೇಲೆ ಹೋಯಿತು. ಎತ್ತಿಯೂ ಬಿಟ್ಟರು. ಬಚ್ಚಲ ಕಡೆ ಎರಡು ಹೆಜ್ಜೆ ಹಾಕಿ ನಿಂತರು. ಸೊಸೆಯ ಮುಖ ನೋಡಿದರು. ವಾಪಸ್ ಬಂದು ಅದನ್ನು ಅವಳ ಮುಂದೆಯೇ ಇಟ್ಟರು.

"ನೀನು ಏಳ್ಬೇಡ ಗಂಗಾ. ಕಾಫಿ ನಾನು ಮಾಡ್ತೀನಿ."

ಬಂದವರೆದುರು ಕೂತೇ ಇರುವುದು ಗಂಗಲಕ್ಷ್ಮಮ್ಮನಿಗೆ ನಡೆಯುವುದಕ್ಕಿಂತ ಕಷ್ಟವಾಯಿತು. ಸಂಕೋಚದಿಂದ ಮೈಯೆಲ್ಲ ಹಿಡಿಯಾಯಿತು. ಈ ಸಲ ಬಂದ ಅಧಿಕಾರಿಯೂ ಅದೇ ಮಾತು ಕೇಳಿದರು: "ಹೇಗಿದೀರಮ್ಮ?"

ಚೆನ್ನಾಗಿದೀನಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಕಷ್ಟ ಇದೆ ಸಾರ್. ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ತೀನಿ, ಆಮೇಲೆ ಏಳಕ್ಕಾಗಲ್ಲ. ಸ್ನಾನಕ್ಕೆ ಮಗಳು ಬೇಕು. ಹೋದ್ಸಲ ಕಾಫಿ ಕೊಟ್ಟೆನಲ್ಲ, ಅವತ್ತು ಪೂರ್ತಿ ಮಲಗಿದ್ದೆ. ನಾಚಿಕೆಗೆ ಹೇಳಲಿಲ್ಲ."

"ವಾಕರ್ ಬಚ್ಚಿಟ್ಟಿದ್ದು ನಾನು ಕಣಪ್ಪ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿ ಹೇಳಿದರು. ಕೈಯಲ್ಲಿದ್ದ ಕಾಫಿ ಲೋಟವನ್ನು ತಂದು ಅಧಿಕಾರಿಯ ಮುಂದಿಟ್ಟರು.

ಅಧಿಕಾರಿ ಎಲ್ಲ ಬರೆದುಕೊಂಡರು. ಮಾಸಾಶನ ಮತ್ತೆ ಶುರುವಾಗಲು ಇನ್ನೂ ಒಂದಷ್ಟು ಕಾಲ ಹಿಡಿಯಿತು, ಶುರುವಾಯಿತು. ಆಟೋ ಮತ್ತೆ ಬಾಗಿಲಿಗೆ ಬರತೊಡಗಿತು.

ಮೊನ್ನೆ ಭಾನುವಾರ ಅನ್ನಪೂರ್ಣೇಶ್ವರಿ ನಗರದಿಂದ ರಮ್ಯಳನ್ನು ನೋಡಲು ಬಂದಿದ್ದರು. ವಾಕರ್ ಹಾಲಿನಲ್ಲೇ, ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತ್ತು. ಹುಡುಗನ ತಾಯಿ ಅದನ್ನೇ ನೋಡಿದಾಗ ಹನುಮಕ್ಕಜ್ಜಿ, "ಅದು ನನ್ ಸೊಸೆದು. ಚಿಕ್ಕವಳಿದ್ದಾಗ ಪೋಲಿಯೊ ಆಗಿತ್ತು. ಕಾಫಿ ತಗೊಳ್ಳಿ" ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಾಸಾಶನ ನಿಂತಿದ್ದರೆ ಕೈಕಟ್ಟಿ ಕೂರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ, ಗಡುವು ಮೀರುವ ಮೊದಲು ಮೇಲ್ಮನವಿ ಕೊಡಿ, ಕೊಟ್ಟದ್ದಕ್ಕೆಲ್ಲ ಸ್ವೀಕೃತಿ ಪಡೆಯಿರಿ. ಬರೆಯಲು ಬಾರದಿದ್ದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಂಗವಿಕಲರಿಗೆ ಉಚಿತವಾಗಿ ನೆರವಾಗುತ್ತಾರೆ, 15100ಕ್ಕೆ ಫೋನ್ ಮಾಡಿ. ಚಿಂತೆ ತಡೆಯಲಾಗದಿದ್ದರೆ 14416 ಇದೆ. ಪರಿಶೀಲನೆಗೆ ಬಂದವರಿಗೆ ಕಾಫಿ ಕೊಡಿ, ಧಾರಾಳವಾಗಿ ಕೊಡಿ. ಆದರೆ ಹೇಗಿದೀರಿ ಎಂದು ಕೇಳಿದಾಗ ಮಾತ್ರ, ದಯವಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿ.